ಕೆರೆಯ ನೀರು ಹೊತ್ತು ಕಡಲಿಗೆ

ಹಾನಗಲ್ಲಿನಿಂದ ಅರಬ್ಬೀ ಸಮುದ್ರ ಎಷ್ಟು ದೂರ? ಭೂಪಟದ ಮೇಲೆ ನೇರ ಗೆರೆ ಎಳೆದು ಅಳೆದರೆ ಸುಮಾರು 90 ಕಿ.ಮೀ. ಅಷ್ಟೇ. ಆದರೆ ತರಗತಿಯಲ್ಲಿ ‘ಸಮುದ್ರ ನೋಡಿದವರು ಕೈ ಎತ್ತಿ’ ಎಂದರೆ ಏಳುವ ಕೈಗಳು ಬೆರಳೆಣಿಕೆಯಷ್ಟು. ಜಲಚಕ್ರದ ಚಿತ್ರವನ್ನು ಮಾತ್ರ ಎಲ್ಲರೂ ಚೆಂದವಾಗಿ ಬಿಡಿಸುತ್ತಾರೆ. ನೀಲಿ ಕಡಲು, ಮೇಲಕ್ಕೆ ಬಾಣ, ಮೋಡ, ಗುಡ್ಡ, ಕೆಳಕ್ಕೆ ಬಾಣ. ಆ ನೀಲಿ ಬಣ್ಣ ಯಾವುದು, ಆ ಗುಡ್ಡ ಯಾವುದು ಎಂದು ಕೇಳಿದರೆ ಮೌನ.

ಮೂವತ್ತು ವರ್ಷ ಈ ಪಾಠ ಮಾಡಿದ ಮೇಲೆ, ನಮ್ಮ ಮನೆತನದ ಮಕ್ಕಳಿಗಾದರೂ ಆ ಚಿತ್ರದೊಳಗೆ ಒಮ್ಮೆ ಪ್ರಯಾಣ ಮಾಡಿಸಬೇಕೆನ್ನಿಸಿತು. 2025ರ ಜನವರಿ, ಬನದ ಹುಣ್ಣಿಮೆಯ ಹಿಂದಿನ ಶನಿವಾರ. ಸವಣೂರಿನಿಂದ ಅಕ್ಕನ ಮೊಮ್ಮಕ್ಕಳಿಬ್ಬರು, ಹಿರೇಕೆರೂರಿನಿಂದ ಅಣ್ಣನ ಮೊಮ್ಮಕ್ಕಳಿಬ್ಬರು, ಶಿಗ್ಗಾವಿಯಿಂದ ಸೋದರ ಸೊಸೆಯ ಮಗ, ಹಾನಗಲ್ಲಿನ ನಮ್ಮ ನೆರೆಮನೆಯ ಹುಡುಗಿ: ಏಳರಿಂದ ಹನ್ನೆರಡು ವರ್ಷದ ಒಟ್ಟು ಆರು ಮಕ್ಕಳು. ಜೊತೆಗೆ ನಾನು, ನನ್ನ ಹೆಂಡತಿ ಮತ್ತು ಸವಣೂರ ಕಡೆ ಒಣ ಬೇಸಾಯ ಮಾಡುವ ನನ್ನ ಭಾವ. ಭಾವನವರಿಗೆ ವಯಸ್ಸು ಅರವತ್ತೈದು ದಾಟಿದೆ. ಅವರೂ ಸಮುದ್ರ ನೋಡಿರಲಿಲ್ಲ.

ಮಕ್ಕಳ ತಾಯಂದಿರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಹಿಂದಿನ ತಿಂಗಳಷ್ಟೇ, 2024ರ ಡಿಸೆಂಬರ್‌ನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾಗಿದ್ದರು. ‘ನೀರಿಗೆ ಇಳಿಸೋದಿಲ್ಲ ಅಂತ ಮಾತು ಕೊಡ್ರಿ’ ಎಂದರು. ಕೊಟ್ಟೆ.

ಪ್ರತಿ ಮಗುವಿಗೂ ಒಂದು ಕೆಲಸ ಹೇಳಿದ್ದೆ: ನಿಮ್ಮೂರಿನ ಕೆರೆಯ ನೀರು ಒಂದು ಬಾಟಲಿ ತನ್ನಿ. ಹಾನಗಲ್ಲಿನ ಆನಿಕೆರೆ, ಶಿಗ್ಗಾವಿಯ ಬಳಿಯ ನಾಗನೂರ ಕೆರೆ, ಸವಣೂರಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ, ನಾಲ್ಕೂ ಕೆರೆಗಳು ಒಂದೇ ಚೀಲದಲ್ಲಿ ಕುಳಿತವು. ಇನ್ನೊಂದು ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸವಣೂರಿನ ಖಾರ. ಮಧ್ಯಾಹ್ನ ಬಾಡಿಗೆ ಕ್ರೂಸರ್ ಹೊರಟಿತು.

ನೀರು ದಿಕ್ಕು ಬದಲಿಸುವ ಜಾಗ

ಮುಂಡಗೋಡ ದಾಟಿ ಯಲ್ಲಾಪುರದತ್ತ ಸಾಗಿದಾಗ ಬೇಡ್ತಿ ಹೊಳೆ ಸಿಕ್ಕಿತು. ಗಾಡಿ ನಿಲ್ಲಿಸಿ ಮಕ್ಕಳಿಗೆ ಕೇಳಿದೆ: ‘ಈ ನೀರು ಎಲ್ಲಿಗೆ ಹೋಗುತ್ತದೆ?’ ‘ಸಮುದ್ರಕ್ಕೆ’ ಎಂದರು. ‘ನಮ್ಮ ವರದೆಯ ನೀರು?’ ‘ಅದೂ ಸಮುದ್ರಕ್ಕೆ.’ ಸರಿ, ಆದರೆ ಯಾವ ಸಮುದ್ರಕ್ಕೆ?

ಇಲ್ಲಿದೆ ವಿಚಿತ್ರ. ನಮ್ಮ ಧರ್ಮಾ ನದಿ ವರದೆಯನ್ನು ಸೇರುತ್ತದೆ. ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು, ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಆಂಧ್ರದಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. 90 ಕಿ.ಮೀ. ದೂರದ ಕಡಲಿಗೆ ಬೆನ್ನು ಮಾಡಿ, ನಮ್ಮ ನೀರು ಇಡೀ ದಖ್ಖನ್ನನ್ನು ದಾಟಿ ಪೂರ್ವಕ್ಕೆ ಹೋಗುತ್ತದೆ. ಬೇಡ್ತಿಯಾದರೋ ಧಾರವಾಡದ ಕಡೆ ಹುಟ್ಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಪಶ್ಚಿಮದ ಕಡಲು ಸೇರುತ್ತದೆ. ಈ ಎರಡು ದಾರಿಗಳ ನಡುವಿನ ದಿಬ್ಬವನ್ನು ನಾವು ಆಗಲೇ ದಾಟಿ ಬಂದಿದ್ದೆವು. ಯಾರಿಗೂ ಗೊತ್ತಾಗಿರಲಿಲ್ಲ.

ಭಾವ ಸೇತುವೆಯ ಕಂಬಿ ಹಿಡಿದು ಬಹಳ ಹೊತ್ತು ನಿಂತರು. ‘ಇಷ್ಟು ನೀರು ಸುಮ್ನ ಸಮುದ್ರಪಾಲ ಆಗತೈತಲ್ಲೋ ಮಾಸ್ತರಾ’ ಎಂದರು. ಇದು ಅವರೊಬ್ಬರ ಮಾತಲ್ಲ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ಮಾತು ದಶಕಗಳಿಂದ ಇದೆ. ಬೇಕು ಎನ್ನುವವರು ನಮ್ಮ ಹಾವೇರಿ ಸೀಮೆಯಲ್ಲಿದ್ದಾರೆ, ಬೇಡ ಎನ್ನುವವರು ಶಿರಸಿ, ಯಲ್ಲಾಪುರದ ಕಡೆ ಇದ್ದಾರೆ. ಬೋರು ಬತ್ತಿದ ಹೊಲದಲ್ಲಿ ನಿಂತವನ ಸಂಕಟ ನನಗೂ ಗೊತ್ತು. ನಾನು ಏನೂ ಹೇಳಲಿಲ್ಲ.

ಯಲ್ಲಾಪುರದಲ್ಲಿ ಚಹಾ ಕುಡಿದು, ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿದು ಶಿಗ್ಗಾವಿ ಹುಡುಗನ ಕೈಗೆ ಕೊಟ್ಟೆ. ಅರಬೈಲು ಘಾಟಿನ ತಿರುವುಗಳಲ್ಲಿ ಕಿವಿ ಗುಂಯ್‌ಗುಟ್ಟಿದವು. ಅಂಕೋಲೆ ತಲುಪಿದಾಗ ಬಾಟಲಿಯ ಹೊಟ್ಟೆ ಒಳಕ್ಕೆ ಹೋಗಿತ್ತು. ‘ಯಾರೂ ಹಿಚುಕಿಲ್ಲರಿ!’ ಎಂದು ಹುಡುಗ ಆಣೆ ಮಾಡಿದ. ಹಿಚುಕಿದ್ದು ಗಾಳಿ. ಯಲ್ಲಾಪುರ ಐನೂರು ಮೀಟರಿಗೂ ಮೇಲಿದೆ. ಅಲ್ಲಿ ವಾಯುಭಾರ ಕಡಿಮೆ. ಆ ಹಗುರ ಗಾಳಿಯನ್ನು ಬಾಟಲಿಯಲ್ಲಿ ಕಟ್ಟಿ ಕೆಳಗೆ ತಂದರೆ, ಕರಾವಳಿಯ ಭಾರದ ಗಾಳಿ ಅದನ್ನು ಹೊರಗಿನಿಂದ ಒತ್ತುತ್ತದೆ.

ಆಚೀ ದಂಡಿ ಎಲ್ಲೈತಿ?

ಕಾರವಾರ ಮುಟ್ಟಿದಾಗ ಸೂರ್ಯ ಮುಳುಗುವ ಹೊತ್ತು. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಕಡಲತೀರ ಅದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಆಸುಪಾಸಿನ ತರುಣ ಕವಿ ಇಲ್ಲಿಗೆ ಬಂದು ಕೆಲಕಾಲ ಇದ್ದು ಹೋಗಿದ್ದರು. ಮಕ್ಕಳು ಗಲಾಟೆ ಮಾಡಿಯಾರು ಎಂದುಕೊಂಡಿದ್ದೆ. ಎಲ್ಲರೂ ಸುಮ್ಮನೆ ನಿಂತುಬಿಟ್ಟರು. ಕೊನೆಗೆ ಹಿರೇಕೆರೂರಿನ ಚಿಕ್ಕವನು ಕೇಳಿದ: ‘ಅಜ್ಜಾ, ಇದರ ಆಚೀ ದಂಡಿ ಎಲ್ಲೈತಿ?’

ನೇರ ಪಶ್ಚಿಮಕ್ಕೆ ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು ಹೋದರೆ ಯೆಮನ್ ದೇಶದ ದಂಡೆ. ಅದರಾಚೆ ಆಫ್ರಿಕಾ. ಸವಣೂರಿನ ಮಕ್ಕಳಿಗೆ ಹೇಳಿದೆ: ನಿಮ್ಮೂರಿನ ದೊಡ್ಡಹುಣಸೆ ಮಠದ ಆವರಣದ ಆ ಭಾರೀ ಮರಗಳ ತವರು ಅದೇ ಆಫ್ರಿಕಾ. ಅವುಗಳ ಬೀಜ ಎಂದೋ ಈ ಕಡಲು ದಾಟಿಯೇ ಬಂದಿರಬೇಕು. 2023ರ ಮಳೆಗಾಲದಲ್ಲಿ ಆ ಮರಗಳಲ್ಲೊಂದು ಉರುಳಿದಾಗ ಊರೇ ಮರುಗಿತ್ತು. ಆ ನೆನಪಿನಿಂದಲೋ ಏನೋ, ಮಕ್ಕಳು ದಿಗಂತವನ್ನು ಇನ್ನೊಮ್ಮೆ ನೋಡಿದರು.

ಒಂದು ನಿಮಿಷದ ಮರೆವು

ಭಾನುವಾರ ಬೆಳಿಗ್ಗೆ ಪ್ರಯೋಗ. ಪೆನ್ಸಿಲಿನ ತುದಿಗೆ ಜೇಡಿಮಣ್ಣು ಮೆತ್ತಿ ಕೆರೆಯ ನೀರಿನಲ್ಲಿ ನೆಟ್ಟಗೆ ತೇಲಿಸಿದೆವು. ನೀರು ಎಲ್ಲಿಗೆ ಬಂತೋ ಅಲ್ಲಿ ಗೆರೆ ಹಾಕಿದೆವು. ನಾಲ್ಕೂ ಕೆರೆಗಳ ಗೆರೆ ಹೆಚ್ಚುಕಡಿಮೆ ಒಂದೇ. ಅದೇ ಪೆನ್ಸಿಲನ್ನು ಕಡಲ ನೀರಿಗೆ ಬಿಟ್ಟಾಗ ಗೆರೆ ಮೂರ್ನಾಲ್ಕು ಮಿ.ಮೀ. ಮೇಲಕ್ಕೆದ್ದಿತು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಆ ಭಾರದ ನೀರು ಪೆನ್ಸಿಲನ್ನು ಹೆಚ್ಚು ಎತ್ತಿ ಹಿಡಿಯುತ್ತದೆ. ಸ್ಟೀಲಿನ ತಟ್ಟೆಯಲ್ಲಿ ತೆಳ್ಳಗೆ ಕಡಲ ನೀರು ಹರಡಿ ಬಿಸಿಲಿಗಿಟ್ಟೆವು.

ನಂತರ ಅಲೆಯ ಅಂಚಿನಲ್ಲಿ ಒಂದು ಕೋಲು ನೆಟ್ಟು, ಉಬ್ಬರ ಏರುವುದನ್ನು ತೋರಿಸತೊಡಗಿದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಸೂರ್ಯ ಚಂದ್ರರು ಒಂದೇ ಸಾಲಿಗೆ ಬಂದು ಸೆಳೆಯುವುದರಿಂದ ಉಬ್ಬರ ಇಳಿತಗಳೆರಡೂ ಹೆಚ್ಚು. ನಾನು ಇದನ್ನು ಹೇಳುತ್ತಿರುವಾಗಲೇ, ಒಣ ಮರಳಿನ ಮೇಲೆ ಬಿಟ್ಟಿದ್ದ ಚಪ್ಪಲಿಯನ್ನು ಏರಿಬಂದ ಅಲೆಯೊಂದು ಎಳೆದೊಯ್ಯಿತು. ಹಿರೇಕೆರೂರಿನ ಚಿಕ್ಕವನು ಅದರ ಹಿಂದೆ ಓಡಿದ. ಮರಳಿ ಹೋಗುವ ನೀರು ಕಾಲಡಿಯ ಮರಳನ್ನು ಕಿತ್ತಿತು. ಹುಡುಗ ಕುಸಿದ. ಮುಂದಿನ ಅಲೆ ಬರುವಷ್ಟರಲ್ಲಿ ನನ್ನ ಹೆಂಡತಿ ಅವನ ಅಂಗಿ ಹಿಡಿದು ಎಳೆದುಕೊಂಡಿದ್ದಳು. ನೀರು ಅವನ ಸೊಂಟದಷ್ಟೂ ಇರಲಿಲ್ಲ.

ಉಬ್ಬರ ಏರುತ್ತದೆಂದು ಕೋಲು ನೆಟ್ಟು ಪಾಠ ಹೇಳುತ್ತಿದ್ದವನು ನಾನು. ಚಪ್ಪಲಿಗಳನ್ನು ಹಿಂದಕ್ಕೆ ಇಡಿಸದೆ ಮರೆತವನೂ ನಾನೇ. ಅಂದು ರಾತ್ರಿ ಅವನ ತಾಯಿಗೆ ಫೋನು ಮಾಡಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಪಾಲಕರೇ, ಶಿಕ್ಷಕ ಮಿತ್ರರೇ, ಇಷ್ಟು ನೆನಪಿಡಿ. ಕಡಲಂಚಿನಲ್ಲಿ ಮಾತನಾಡುವ ದೊಡ್ಡವರು ಬೇರೆ, ಕಾಯುವ ದೊಡ್ಡವರು ಬೇರೆ ಇರಬೇಕು. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಅನೇಕ ಸಲ ಒಳಕ್ಕೆ ಸೆಳೆಯುವ ಪ್ರವಾಹದ ಜಾಗ. ಹೋದ ಚಪ್ಪಲಿ ಹೋಯಿತು.

ಕಾಂಡ್ಲಾ ವನದಲ್ಲಿ

ಮಧ್ಯಾಹ್ನ ನೀರು ಇಳಿಯುವ ಹೊತ್ತಿಗೆ ಕೋಡಿಬಾಗಕ್ಕೆ ಹೋದೆವು. ಜೋಯಿಡಾದ ದಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಇಲ್ಲಿ ಕಡಲು ಸೇರುತ್ತದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಇಲ್ಲಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ಓದುಗರಿಗೆ ನೆನಪಿರಬಹುದು. ದಂಡೆಯ ಕಾಂಡ್ಲಾ ವನದೊಳಗೆ ಕಾಲುಹಾದಿ ಇದೆ. ಅದರ ಮೇಲೆ ನಿಂತು ಕೆಳಗಿನ ಕೆಸರು ನೋಡಬಹುದು.

ಮೊದಲು ಮಕ್ಕಳಿಗೆ ಕಂಡದ್ದು ಕೆಸರಿನಿಂದ ಮೇಲೆದ್ದ ಸಾವಿರಾರು ಕಡ್ಡಿಗಳು. ಕಡ್ಡಿಗಳಲ್ಲ, ಬೇರುಗಳು. ನೀರು ತುಂಬಿದ ಕೆಸರಿನಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಈ ಮರಗಳ ಬೇರು ಮೇಲಕ್ಕೆ ಬೆಳೆದು ಗಾಳಿ ಪಡೆಯುತ್ತದೆ. ಇನ್ನೊಂದು ಜಾತಿಯ ಕಾಂಡ್ಲಾದಲ್ಲಿ ಬೀಜ ಮರದ ಮೇಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ಜೋತುಬೀಳುತ್ತದೆ. ಉದುರಿದರೆ ಕೆಸರಿನಲ್ಲಿ ನಾಟಿಕೊಳ್ಳಬಹುದು, ಇಲ್ಲವೇ ತೇಲಿಹೋಗಿ ಬೇರೆಡೆ ಬೇರು ಬಿಡಬಹುದು.

‘ಆ ಏಡಿಗೆ ಒಂದ ಕೈ ದೊಡ್ಡದೈತಿ!’ ಎಂದು ಹಾನಗಲ್ಲಿನ ಹುಡುಗಿ ಕೂಗಿದಳು. ಅದು ಪಿಟೀಲು ಏಡಿ. ಗಂಡಿಗೆ ಮಾತ್ರ ಒಂದು ಕೊಂಬು ಅಷ್ಟು ದೊಡ್ಡದು. ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ, ಎದುರಾಳಿಯನ್ನು ಹೆದರಿಸುತ್ತದೆ. ಪಕ್ಕದಲ್ಲೇ ಕೆಸರುಮೀನು ರೆಕ್ಕೆಯೂರಿ ತೆವಳುತ್ತಿತ್ತು. ನೀರಿನ ಹೊರಗೆ ನಡೆಯುವ ಮೀನನ್ನು ಕಂಡು ಭಾವ ಮಕ್ಕಳಿಗಿಂತ ಹೆಚ್ಚು ಬೆರಗಾದರು.

ಕಾಳಿಯ ನೀರಿನಲ್ಲಿ ಪೆನ್ಸಿಲ್ ತೇಲಿಸಿದೆವು. ಗೆರೆ ಕೆರೆಗೂ ಕಡಲಿಗೂ ನಡುವೆ ನಿಂತಿತು, ಕಡಲಿಗೇ ಹತ್ತಿರ. ಮಳೆಗಾಲದಲ್ಲಿ ಬಂದರೆ ಅದು ಕೆರೆಯ ಕಡೆಗೆ ವಾಲುತ್ತದೆ. ಈ ಸಿಹಿ-ಉಪ್ಪಿನ ಬೆರಕೆ ನೀರಿನಲ್ಲೇ ಅನೇಕ ಜಾತಿಯ ಮೀನು, ಸಿಗಡಿಗಳ ಮರಿಗಳು ಕಾಂಡ್ಲಾ ಬೇರುಗಳ ಮರೆಯಲ್ಲಿ ಬೆಳೆದು ಕಡಲಿಗೆ ಹೋಗುತ್ತವೆ. ನದಿ ತರುವ ಮಣ್ಣಿನ ಸಾರವೇ ಈ ಕೆಸರಿನ ಗೊಬ್ಬರ. ನದಿಯ ಸಿಹಿನೀರು ಬಾರದೆ ಹೋದರೆ ಬೆರಕೆ ತಪ್ಪುತ್ತದೆ. ಮರಿಗಳ ತೊಟ್ಟಿಲೂ ತಪ್ಪುತ್ತದೆ. ಅದೇ ಬೆಳಿಗ್ಗೆ ಬೈತಖೋಲ್ ಬಂದರಿನಲ್ಲಿ ಬಂಗುಡೆ ಬುಟ್ಟಿಗಳನ್ನು ಹೊತ್ತ ಹೆಂಗಸರನ್ನು ಭಾವ ನೋಡಿದ್ದರು. ಈಗ ಕೆಸರನ್ನು ನೋಡುತ್ತ, ‘ಹಂಗಾದ್ರ ಇದು ಇವರ ಹೊಲ ಅನ್ನು’ ಎಂದರು.

ದಂಡೆಗೆ ಮರಳಿದಾಗ ತಟ್ಟೆ ಒಣಗಿತ್ತು. ಬಿಳಿಯ ಪುಡಿ ಉಳಿದಿತ್ತು. ಶಿಗ್ಗಾವಿ ಹುಡುಗ ನಾಲಿಗೆಗೆ ಹಚ್ಚಿ ಮುಖ ಕಿವಿಚಿದ. ‘ನೀರು ಎಲ್ಲಿ ಹೋತು?’ ಎಂದೆ. ಆಗ ಸವಣೂರಿನ ಹುಡುಗಿ ಮರುಪ್ರಶ್ನೆ ಹಾಕಿದಳು: ‘ಎಲ್ಲಾ ಹೊಳಿ ಬಂದು ಬೀಳ್ತಾವು, ಸಮುದ್ರ ಯಾಕ ತುಂಬಿ ಹರಿಯಂಗಿಲ್ಲ?’ ಉತ್ತರ ಅವಳ ಕೈಯ ತಟ್ಟೆಯಲ್ಲೇ ಇತ್ತು. ಉಪ್ಪನ್ನು ಬಿಟ್ಟು ನೀರು ಮೇಲೇರುತ್ತದೆ. ಮುಂಗಾರಿನ ಗಾಳಿ ಆ ಆವಿಯನ್ನು ಹೊತ್ತು ಸಹ್ಯಾದ್ರಿಯನ್ನು ಏರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಮಳೆಯಾಗುತ್ತದೆ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಘಟ್ಟದ ಅಂಚಿನ ಹಾನಗಲ್ಲಿಗೆ ಅದರ ಮೂರನೇ ಒಂದು ಪಾಲಿನಷ್ಟು. ಇನ್ನೂ ಪೂರ್ವದ ಸವಣೂರಿಗೆ ನಾಲ್ಕನೇ ಒಂದಕ್ಕಿಂತ ಕಡಿಮೆ. ಹಿಂಗಾರು ಬಂಗಾಳ ಕೊಲ್ಲಿಯ ಕಡೆಯಿಂದ ಬರುತ್ತದೆ. ಆದರೆ ನಮ್ಮ ಕೆರೆಗಳಿಗೆ ಮುಂಗಾರಿನಲ್ಲಿ ಬರುವ ನೀರು ಈ ಕಡಲಿನದೇ.

ಆ ಹುಡುಗಿ ಚೀಲದಿಂದ ಮೋತಿ ತಲಾಬಿನ ಬಾಟಲಿ ತೆಗೆದಳು. ‘ಹಂಗಾದ್ರ ಇದನ್ನ ವಾಪಸ್ ಹಾಕ್ಲಿ?’ ಅಜ್ಜನ ಕೈ ಹಿಡಿದು ಅಂಚಿಗೆ ಹೋಗಿ ಸುರಿದು ಬಂದಳು. ಚಪ್ಪಲಿಗಳನ್ನು ಈ ಸಲ ದೂರ ಇಟ್ಟಿದ್ದೆವು.

ಸೋಮವಾರ ಮರಳುವಾಗ ಬೇಡ್ತಿಯ ಸೇತುವೆಯ ಮೇಲೆ ಭಾವ ಮತ್ತೆ ಗಾಡಿ ನಿಲ್ಲಿಸಿದರು. ‘ನಮಗ ನೀರು ಬೇಕು ಮಾಸ್ತರಾ, ಅದನ್ನಂತೂ ನಾ ಬಿಡಂಗಿಲ್ಲ’ ಎಂದರು. ಸ್ವಲ್ಪ ತಡೆದು, ‘ಆದ್ರ ಸುಮ್ನ ಹೋಗತೈತಿ ಅಂತ ಇನ್ನ ಮ್ಯಾಲೆ ಅನ್ನಂಗಿಲ್ಲ’ ಎಂದರು. ಬೇಕು ಬೇಡದ ತೀರ್ಮಾನ ನನ್ನಂಥ ಮಾಸ್ತರನ ಕೈಯಲ್ಲಿಲ್ಲ. ಆದರೆ ಮುಂದೆ ಅದನ್ನು ತೀರ್ಮಾನಿಸುವವರು ಈ ಮಕ್ಕಳು. ಅವರು ನದಿಯ ಎರಡೂ ತುದಿ ನೋಡಿರಲಿ ಎಂಬುದಷ್ಟೇ ನನ್ನ ಆಸೆ.

ಹೋಗಬಯಸುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಸುಮಾರಿಗೆ ಹೋಗಿ. ಇಳಿತ ಹೆಚ್ಚಿರುವುದರಿಂದ ಕೆಸರಿನ ಜೀವಿಗಳು ಚೆನ್ನಾಗಿ ಕಾಣುತ್ತವೆ. ಏಡಿ, ಚಿಪ್ಪುಗಳನ್ನು ಹಿಡಿದು ತರಬೇಡಿ. ಒಂದು ತಟ್ಟೆ, ಒಂದು ಪೆನ್ಸಿಲ್, ನಿಮ್ಮೂರ ಕೆರೆಯ ನೀರು, ಪ್ರಯೋಗಕ್ಕೆ ಇಷ್ಟು ಸಾಕು.

ಆ ವರ್ಷ ಮುಂಗಾರು ಅವಧಿಗೆ ಮೊದಲೇ, ಮೇ ಕೊನೆಯ ವಾರದಲ್ಲಿ ಬಂತು. ಒಂದು ಸಂಜೆ ಸವಣೂರಿನಿಂದ ಫೋನು. ಮಾತು ಕೇಳಿಸದಷ್ಟು ಮಳೆಯ ಸದ್ದು. ಅದರ ನಡುವೆ ಹುಡುಗಿ ಕೂಗುತ್ತಿದ್ದಳು: ‘ಅಜ್ಜಾ, ಸಮುದ್ರ ಬಂತ್ರಿ!’