ನಮ್ಮ ಮುತ್ಯಾನ ಅಪ್ಪಗ ಓಟಿರಲಿಲ್ಲ

ಸಂವಿಧಾನ ಬರೆದವರನ್ನು ಆರಿಸಿ ಕಳಿಸಿದವರು ಯಾರು? ನಮ್ಮ ಮನೆಯವರಂತೂ ಅಲ್ಲ. ಬಹುಶಃ ನಿಮ್ಮ ಮನೆಯವರೂ ಅಲ್ಲ.

2024ರ ಜನವರಿ ಕೊನೆಗೆ ಶುರುವಾದ ಸಂವಿಧಾನ ಜಾಗೃತಿ ಜಾಥಾ ನಿಮ್ಮೂರಿಗೂ ಬಂದಿರಬೇಕು. ನಮ್ಮ ಪಂಚಾಯ್ತಿ ಮುಂದೆಯೂ ಅಂಬೇಡ್ಕರರ ಮೂರ್ತಿ ಇಟ್ಟ ಗಾಡಿ ಬಂದು ನಿಂತಿತು. ಡೊಳ್ಳು ಆಯಿತು, ಕುಂಭ ಆಯಿತು, ಸಾಲಿ ಹುಡುಗರು ಪೀಠಿಕೆ ಓದಿದರು. ಆ ಗದ್ದಲದಲ್ಲಿ ಏಳನೆಯ ಇಯತ್ತೆಯ ಹುಡುಗನೊಬ್ಬ ನನ್ನ ಹತ್ತಿರ ಬಂದು, “ಅಕ್ಕಾರ, ಇದನ್ನ ಬರ್ಯಾಕ ಅವರನ್ನ ಆರಿಸಿದವರು ಯಾರ್ರೀ? ನಮ್ಮೂರಾಗೂ ಓಟ್ ಹಾಕಿದ್ರೇನು?” ಅಂದ. ಅವತ್ತಿನ ಭಾಷಣಗಳೆಲ್ಲದಕ್ಕಿಂತ ಈ ಪ್ರಶ್ನೆ ಚಲೋ ಇತ್ತು. ಅವನಿಗೆ ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮೂರು ಕುಂದಗೋಳದ ಹತ್ತಿರ. ಈಗ ಹುಬ್ಬಳ್ಳಿಯಿಂದ ಬಸ್ಸು ಹತ್ತಿದರೆ ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ಊರು ಬಂದಂತಾಗುತ್ತದೆ. 1946ರಲ್ಲಿ ಇದೇ ದಾರಿಯ ನಡುವೆ ಒಂದು ಸರಕಾರ ಮುಗಿದು ಇನ್ನೊಂದು ಶುರುವಾಗುತ್ತಿತ್ತು. ಹುಬ್ಬಳ್ಳಿ, ಧಾರವಾಡ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ. ಕುಂದಗೋಳ ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿ. ಜಮಖಂಡಿ ಎಲ್ಲಿ, ಕುಂದಗೋಳ ಎಲ್ಲಿ! ಹಾಗೆಯೇ ಶಿರಹಟ್ಟಿ ಸಾಂಗ್ಲಿಗೆ, ಲಕ್ಷ್ಮೇಶ್ವರ ಮಿರಜಕ್ಕೆ, ಸವಣೂರು ನವಾಬರಿಗೆ. “ಸಂತಿಗೆ ಹೋದ್ರ ಸಾಹೇಬರ ಸೀಮಿ, ಮನಿಗೆ ಬಂದ್ರ ರಾಜಾನ ಸೀಮಿ” ಅಂತ ನಮ್ಮ ಮುತ್ಯಾ ನಗುತ್ತ ಹೇಳುತ್ತಿದ್ದ. ಅವನ ಅಪ್ಪ ಬ್ಯಾರೆಯವರ ಹೊಲ ಲಾವಣಿಗೆ ಮಾಡುತ್ತಿದ್ದವ, ಅಕ್ಷರ ಬರುತ್ತಿರಲಿಲ್ಲ.

ಅಂಥವನಿಗೆ 1946ರಲ್ಲಿ ಓಟು ಎಲ್ಲಿಂದ ಬರಬೇಕು? ಆ ವರ್ಷದ ಮೊದಲ ತಿಂಗಳುಗಳಲ್ಲಿ ಪ್ರಾಂತ್ಯಗಳ ವಿಧಾನಸಭೆಗೆ ಚುನಾವಣೆ ನಡೆಯಿತು, ಸಂಸ್ಥಾನದ ಜನರಿಗೆ ಅದರಲ್ಲಿ ಪಾಲಿಲ್ಲ. ಅವನ ಮನೆ ಹುಬ್ಬಳ್ಳಿಯ ಕಡೆ ಇದ್ದಿದ್ದರೂ ಅಷ್ಟೇ. ಭೂಕಂದಾಯ ಕಟ್ಟಬೇಕು, ಇಲ್ಲವೇ ಇಷ್ಟು ಬಾಡಿಗೆಯ ಮನೆ ಇರಬೇಕು, ಇಲ್ಲವೇ ಇಷ್ಟು ಓದಿರಬೇಕು. 1935ರ ಕಾಯ್ದೆಯ ಲೆಕ್ಕ ಅದು. ಪ್ರಾಂತ್ಯಗಳಲ್ಲಿ ಸುಮಾರು ಕಾಲುಭಾಗ ವಯಸ್ಕರು ಮಾತ್ರ ಆ ಜರಡಿಯಲ್ಲಿ ಉಳಿದರು. ಹೆಂಗಸರು ಅದಕ್ಕಿಂತ ಕಡಿಮೆ.

ಆ ಕಾಲುಭಾಗದವರೂ ಸಂವಿಧಾನ ಸಭೆಗೆ ನೇರವಾಗಿ ಓಟು ಹಾಕಲಿಲ್ಲ. ಅವರು ಆರಿಸಿದ ಶಾಸಕರು 1946ರ ಜುಲೈನಲ್ಲಿ ಸಂವಿಧಾನ ಸಭೆಯ ಸದಸ್ಯರನ್ನು ಆರಿಸಿದರು. ಹತ್ತು ಲಕ್ಷ ಜನಸಂಖ್ಯೆಗೆ ಒಂದು ಸೀಟು. ಒಟ್ಟು 389 ಸೀಟು, ಅದರಲ್ಲಿ ಮುಂಬೈ ಪ್ರಾಂತ್ಯಕ್ಕೆ 21, ಸಂಸ್ಥಾನಗಳಿಗೆ 93. ನಮ್ಮಂಥ ಸಣ್ಣ ಸಂಸ್ಥಾನಗಳನ್ನು ಜೋಳದ ದಂಟಿನ ಹಾಗೆ ಒಟ್ಟಿಗೆ ಸಿವುಡು ಕಟ್ಟಿ ಪ್ರತಿನಿಧಿ ಕೊಟ್ಟರು. 

ಮುಂಬೈ ಪ್ರಾಂತ್ಯದಿಂದ ಹೋದ ನಮ್ಮ ಕಡೆಯವರಲ್ಲಿ ಇಬ್ಬರ ಹೆಸರು ನಿಮಗೆ ಗೊತ್ತೇ ಇರುತ್ತದೆ. ಒಬ್ಬರು ಧಾರವಾಡದಲ್ಲಿ ಹುಟ್ಟಿದ ರಂಗನಾಥ ದಿವಾಕರರು, ‘ಕರ್ಮವೀರ’ದವರು. ಇನ್ನೊಬ್ಬರು ಎಸ್. ನಿಜಲಿಂಗಪ್ಪ. ಅವರದೊಂದು ಮೋಜು: ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ, ವಕೀಲಿಕೆ ಮಾಡಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ, ಸಂವಿಧಾನ ಸಭೆಗೆ ಹೋದದ್ದು ಮುಂಬೈ ಪ್ರಾಂತ್ಯದಿಂದ. ಕನ್ನಡ ನಾಡು ಎಷ್ಟು ಚೂರಾಗಿತ್ತು ಅಂತ ತಿಳಿಯಲು ಬೇರೆ ನಕಾಶೆ ಬೇಡ. ಕೊಡಗು ತನ್ನದೇ ಒಂದು ಸೀಟಿನಿಂದ ಸಿ. ಎಂ. ಪೂಣಚ್ಚರನ್ನು ಕಳಿಸಿತು. ನಿಜಾಮನ ಹೈದರಾಬಾದಿಗೆ ಇಟ್ಟಿದ್ದ 16 ಸೀಟು ಕಡೆತನಕ ಖಾಲಿಯೇ ಉಳಿದವು. ಅಂದರೆ ರಾಯಚೂರು, ಕೊಪ್ಪಳ, ಕಲಬುರಗಿ, ಬೀದರದ ಪರವಾಗಿ ಅಲ್ಲಿ ಮಾತಾಡಲು ಯಾರೂ ಕೂತಿರಲಿಲ್ಲ. ಇಡೀ ಸಭೆಯಲ್ಲಿ ಹೆಣ್ಣುಮಕ್ಕಳು 15 ಮಂದಿ, ಅವರಲ್ಲಿ ಕನ್ನಡ ನಾಡಿನವರು ಒಬ್ಬರೂ ಇಲ್ಲ.

ಈಗ ಆ ಗಾಡಿಯ ಮೇಲಿದ್ದವರ ಕಥೆಗೆ ಬರೋಣ. ಇದನ್ನು ಓದಿದಾಗಿನಿಂದ ಯಾರು ಸಿಕ್ಕರೂ ಹೇಳುತ್ತಿದ್ದೇನೆ.

1946ರ ಚುನಾವಣೆಯಲ್ಲಿ ಅಂಬೇಡ್ಕರರ ಪಕ್ಷ ಮುಂಬೈಯಲ್ಲಿ ನೆಲಕಚ್ಚಿತ್ತು. ತಮ್ಮ ಸ್ವಂತ ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಹೋಗುವ ದಾರಿಯೇ ಅವರಿಗೆ ಇರಲಿಲ್ಲ. ಆಗ ದೂರದ ಬಂಗಾಳದ ದಲಿತ ನಾಯಕ ಜೋಗೇಂದ್ರನಾಥ ಮಂಡಲ್ ಮತ್ತು ಅವರ ಜೊತೆಗಾರರು ಅಲ್ಲಿಂದ ಅಂಬೇಡ್ಕರರನ್ನು ಆರಿಸಿ ಕಳಿಸಿದರು. ಡಿಸೆಂಬರ್ 9ಕ್ಕೆ ದಿಲ್ಲಿಯಲ್ಲಿ ಸಭೆ ಸೇರಿತು. ಮುಸ್ಲಿಂ ಲೀಗಿನವರು ಬರಲಿಲ್ಲ. 1947ರ ಜೂನ್ 3ಕ್ಕೆ ದೇಶ ಇಬ್ಭಾಗ ಮಾಡುವ ಯೋಜನೆ ಹೊರಬಿತ್ತು, ಬಂಗಾಳವೂ ಸೀಳಿತು, ಅದರೊಂದಿಗೆ ಅಂಬೇಡ್ಕರರ ಸೀಟೂ ಹೋಯಿತು.

ಅದೇ ಹೊತ್ತಿಗೆ ಎಂ. ಆರ್. ಜಯಕರ್ ರಾಜೀನಾಮೆ ಕೊಟ್ಟಿದ್ದರಿಂದ ಮುಂಬೈಯ ಒಂದು ಸೀಟು ತೆರವಾಗಿತ್ತು. ಜೂನ್ 30ಕ್ಕೆ ರಾಜೇಂದ್ರ ಪ್ರಸಾದರು ಮುಂಬೈಯ ಪ್ರಧಾನಿ ಬಿ. ಜಿ. ಖೇರರಿಗೆ ಪತ್ರ ಬರೆದರು (ಆಗ ಪ್ರಾಂತ್ಯದ ಮುಖ್ಯಸ್ಥರಿಗೂ ಪ್ರಧಾನಿ ಅಂತಲೇ ಅನ್ನುತ್ತಿದ್ದರು). ಅಂಬೇಡ್ಕರರ ಕೆಲಸ ನೋಡಿದ್ದೇವೆ, ಅವರನ್ನು ಕಳೆದುಕೊಳ್ಳಬಾರದು, ಜುಲೈ 14ರ ಅಧಿವೇಶನದೊಳಗೆ ಆರಿಸಿ ಕಳಿಸಿರಿ ಎಂಬುದು ಅದರ ಸಾರ. ಮುಂಬೈ ವಿಧಾನಸಭೆ ಆರಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಶಾಸಕರೂ ಕೂಡುತ್ತಿದ್ದ ಸದನ ಅದು. ಸ್ವಲ್ಪ ದಿನಗಳಲ್ಲೇ, ಆಗಸ್ಟ್ 29ಕ್ಕೆ, ಕರಡು ಸಮಿತಿ ಆಯಿತು. ಅವರು ಅದರ ಅಧ್ಯಕ್ಷರಾದರು. 

ಮಂಡಲ್ ಏನಾದರು ಗೊತ್ತೇ? ಆಗಸ್ಟ್ 10ಕ್ಕೆ ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಮೊದಲ ಸಲ ಕೂಡಿದಾಗ ತಾತ್ಕಾಲಿಕ ಅಧ್ಯಕ್ಷರಾಗಿ ಕೂತವರು ಅವರೇ. ಮೂರು ವರ್ಷದ ಮೇಲೆ ಮಂತ್ರಿಗಿರಿ ಬಿಟ್ಟು, ಮನಸ್ಸು ಮುರಿದುಕೊಂಡು ಭಾರತಕ್ಕೆ ಮರಳಿದರು. ಆ ಸಭೆಯನ್ನು 1954ರಲ್ಲಿ ವಿಸರ್ಜಿಸಿದರು, ಅಲ್ಲಿ ಸಂವಿಧಾನ ಬಂದದ್ದು 1956ಕ್ಕೆ. ಇಡೀ ದೇಶದ ವಯಸ್ಕರೆಲ್ಲ ನೇರವಾಗಿ ಓಟು ಹಾಕಿದ್ದು 1970ರಲ್ಲಿ. ಒಂದೇ ಚುನಾವಣೆಯಿಂದ ಹುಟ್ಟಿದ ಎರಡು ಸಭೆಗಳು ಇವು.

ಅಂದಮೇಲೆ ನಮ್ಮದು ಯಾಕೆ ಬೇರೆ ದಾರಿ ಹಿಡಿಯಿತು? ನನಗೆ ಕಾಣುವ ಒಂದು ಕಾರಣ ದೊಡ್ಡ ಮಾತುಗಳದ್ದಲ್ಲ, ಒಂದು ಪಟ್ಟಿಯದು. ಕಾಲುಭಾಗ ಜನರ ಓಟಿನಿಂದ ಬಂದವರು, ಮುಂದೆ ಎಲ್ಲರಿಗೂ ಓಟು ಅಂತ ಒಪ್ಪಿದರು. ಒಪ್ಪಿ ಸುಮ್ಮನೆ ಕೂರಲಿಲ್ಲ. ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ, 1948ರಲ್ಲಿ, ಸಭೆಯ ಕಚೇರಿ ಮತದಾರರ ಪಟ್ಟಿ ಮಾಡಲು ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಸೂಚನೆ ಕಳಿಸಿತು. 21 ತುಂಬಿದವರೆಲ್ಲ ಬರಬೇಕು, ಹೊಲ ಇರಲಿ ಬಿಡಲಿ, ಅಕ್ಷರ ಬರಲಿ ಬಾರದಿರಲಿ. ದೇಶ ಒಡೆದಾಗ ಮನೆ ಬಿಟ್ಟು ಬಂದವರು ನಮ್ಮ ಹೆಸರು ಏನು ಮಾಡುತ್ತೀರಿ ಅಂತ ಕೇಳಿದರು. ಇಲ್ಲೇ ಇರುತ್ತೇವೆ ಅಂತ ಬರೆದುಕೊಟ್ಟರೆ ಸಾಕು, ಸೇರಿಸಿಕೊಳ್ಳಿ ಅಂತ ಉತ್ತರ ಹೋಯಿತು. ಅದೇ ವರ್ಷ ಜಮಖಂಡಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ಮುತ್ಯಾನ ಅಪ್ಪ ರಾಜನ ಸೀಮೆಯಿಂದ ಹೊರಗೆ ಬಂದದ್ದು ಹಾಗೆ. 1952ರಲ್ಲಿ ಅವನು ಓಟು ಹಾಕಿದ ಅಂತ ಮನೆಯಲ್ಲಿ ಹೇಳುತ್ತಾರೆ. ಲಾವಣಿದಾರನೂ ಹೊಲದ ಧಣಿಯೂ ಒಂದೇ ಪಾಳಿಯಲ್ಲಿ ನಿಂತದ್ದೇ ಅವನಿಗೆ ದೊಡ್ಡ ಸುದ್ದಿಯಾಗಿತ್ತಂತೆ. ಯಾರಿಗೆ ಹಾಕಿದ ಅಂತ ಮಾತ್ರ ಸಾಯುವತನಕ ಬಾಯಿ ಬಿಡಲಿಲ್ಲ.

ಪಟ್ಟಿ ಎಲ್ಲರನ್ನೂ ಹಿಡಿಯಲಿಲ್ಲ. ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ದರು. ದೇಶದಲ್ಲಿ ಅಂಥ ಸುಮಾರು 28 ಲಕ್ಷ ಹೆಂಗಸರು ಮೊದಲ ಚುನಾವಣೆಯಲ್ಲಿ ಪಟ್ಟಿಯಿಂದ ಹೊರಗುಳಿದರು. ಹೆಸರಿಲ್ಲದವರಿಗೆ ಓಟಿಲ್ಲ ಅಂತ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದಿದ್ದರು. ಕಠಿಣ ಅನ್ನಿಸುತ್ತದೆ. ಆದರೂ ನನಗೆ ಅವರು ಮಾಡಿದ್ದು ಸರಿ ಅನ್ನಿಸುತ್ತದೆ.

ಯಾಕೆಂದರೆ ನಮ್ಮವ್ವ ಅಂಗನವಾಡಿ ಟೀಚರ್, ಊರಿನ ಬಿಎಲ್‌ಓ ಕೂಡ. ಅವಳ ಜೊತೆ ರಜಿಸ್ಟರ್ ಹಿಡಿದು ಓಣಿ ಓಣಿ ತಿರುಗಿದ್ದೇನೆ. ಈಗಲೂ ಕೆಲವು ಮುದುಕಿಯರು “ನನ್ನ ಹೆಸರ ಯಾಕ ಬೇಕವಾ, ಇವರದ ಬರಕೋ” ಅನ್ನುತ್ತಾರೆ. ಅವ್ವ ಕಟ್ಟೆಯ ಮೇಲೆ ಕೂತೇ ಬಿಡುತ್ತಾಳೆ. “ಇವರದು ಇವರ ಸಾಲಿನಾಗ ಐತ್ರೀ ಆಯಿ. ನಿಮ್ಮದು ಹೇಳ್ರಿ, ಅಲ್ಲೀತನಕ ನಾ ಏಳಂಗಿಲ್ಲ.” ಚಹಾ ಬರುತ್ತದೆ, ನಗು ಬರುತ್ತದೆ, ಕಡೆಗೆ ಹೆಸರೂ ಬರುತ್ತದೆ.

ಮುದುಕಿಯರದು ಸುಲಭ. ಕಷ್ಟ ಇರುವುದು ಕೀಲಿ ಹಾಕಿದ ಮನೆಗಳದ್ದು. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರು. ಎರಡು ಸಲ ಹೋದರೂ ಸಿಗದಿದ್ದರೆ ಪಟ್ಟಿಯಲ್ಲಿ ಅವರ ಹೆಸರಿನ ಗತಿ ಏನು ಅಂತ ಅವ್ವನಿಗೆ ನಿದ್ದೆ ಬರುವುದಿಲ್ಲ. ಪಕ್ಕದ ಮನೆಯವರಿಂದ ಫೋನ್ ನಂಬರ್ ಇಸಿದುಕೊಂಡು ರಾತ್ರಿ ಊಟದ ಹೊತ್ತಿಗೆ ಕರೆ ಮಾಡುತ್ತಾಳೆ. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಅತ್ತ ಹೋಗಿ ಹಾಕುವುದಿಲ್ಲ, ಇತ್ತ ಹೆಸರಿಲ್ಲ. ಅಂಥವರು ಫಾರ್ಮ್ 8 ತುಂಬಬೇಕು. ಹೆಸರು, ವಯಸ್ಸು ತಪ್ಪಾಗಿದ್ದರೂ ಅದೇ ಫಾರ್ಮ್. ಹೊಸದಾಗಿ 18 ತುಂಬಿದವರಿಗೆ ಫಾರ್ಮ್ 6. 17 ದಾಟಿದ್ದರೆ ಮುಂಚಿತವಾಗಿಯೂ ಕೊಡಬಹುದು. ಮೊಬೈಲಿನಲ್ಲಿ ಚುನಾವಣಾ ಆಯೋಗದ ಆ್ಯಪ್ ಇದೆ. ಅದು ಬೇಡವೆಂದರೆ 1950ಕ್ಕೆ ಫೋನ್ ಮಾಡಿರಿ, ಇಲ್ಲವೇ ಸಂಜೆ ಹೊತ್ತಿಗೆ ನಿಮ್ಮೂರಿನ ಬಿಎಲ್‌ಓ ಮನೆಗೆ ಹೋಗಿರಿ. ಕೈಯಲ್ಲಿ ಆಧಾರ್, ಒಂದು ಫೋಟೋ ಇರಲಿ.