ಚಪ್ಪರಕ್ಕೊಂದು ಬಣ್ಣ

ಮನುಷ್ಯ ನಿವೃತ್ತನಾದ ಮೇಲೆ ಎರಡು ಅಪಾಯಗಳಿಗೆ ಗುರಿಯಾಗುತ್ತಾನೆ. ಒಂದು, ಅವನಿಗೆ ಬೇಕಾದಷ್ಟು ವೇಳೆ ಸಿಗುತ್ತದೆ. ಎರಡು, ಒಂದಿಷ್ಟು ಇಡಿಗಂಟು ಕೈಗೆ ಬರುತ್ತದೆ. ಇವುಗಳಲ್ಲಿ ಒಂದೇ ಬಂದರೆ ಮನೆಯವರು ಹೇಗೋ ತಡೆದುಕೊಂಡಾರು. ಎರಡೂ ಕೂಡಿ ಬಂದರೆ ಏನಾದರೊಂದನ್ನು ಕೆಡವಿ ಏನಾದರೊಂದನ್ನು ಕಟ್ಟುವ ಕೆಲಸ ಶುರುವಾಯಿತೆಂದೇ ಲೆಕ್ಕ. ನಾನು ಕೆಡವಿದ್ದು ಅಮ್ಮನ ಬಸಳೆ ಚಪ್ಪರವನ್ನು.

ನಮ್ಮ ಮನೆ ಇರುವುದು ಉಡುಪಿಯ ಕಡೆ, ಸಮುದ್ರಕ್ಕೆ ಎರಡು ಕಿಲೋಮೀಟರು ದೂರದಲ್ಲಿ. ರಾತ್ರಿ ಊರು ಮಲಗಿದ ಮೇಲೆ ತೆರೆಯ ಸದ್ದು ಕೇಳಿಸುತ್ತದೆ. ಹಗಲು ಕೇಳಿಸದಿದ್ದರೂ ಅದರ ಉಪ್ಪು ಕಿಟಕಿಯ ಸರಳುಗಳನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ. ಹಿತ್ತಿಲಲ್ಲಿ, ಬಾವಿಕಟ್ಟೆಯ ಪಕ್ಕಕ್ಕೆ, ಬಿದಿರಿನ ಗೂಟ ನೆಟ್ಟು ಅಡಕೆಯ ದಬ್ಬೆ ಹಾಸಿದ ಒಂದು ಚಪ್ಪರ. ಮಳೆಗಾಲ ಮುಗಿದೊಡನೆ ಪ್ರತಿವರ್ಷ ಅದನ್ನು ಹೊಸದಾಗಿ ಕಟ್ಟಿಸಿ, ಬಸಳೆಯ ಬಳ್ಳಿಯನ್ನು ಹಬ್ಬಿಸಿ, ಮಧ್ಯಾಹ್ನ ಅದರ ಕೆಳಗೆ ಮಣೆ ಹಾಕಿಕೊಂಡು ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ನಲವತ್ತು ವರ್ಷ ಹೀಗೆ ನಡೆಯಿತು. ನಾನು ಬೆಂಗಳೂರಿನ ಬ್ಯಾಂಕಿನಲ್ಲಿ ಕುಳಿತು ಬೇರೆಯವರ ಹಣ ಎಣಿಸುತ್ತಿದ್ದುದರಿಂದ ನನಗೆ ಅದರ ಲೆಕ್ಕ ಸಿಗಲಿಲ್ಲ.

ಮಸ್ಕತ್ತಿನಲ್ಲಿರುವ ಮಗ ಒಂದು ಚಿತ್ರ ಕಳಿಸಿದ. ಗ್ರೀಸಿನ ಯಾವುದೋ ದ್ವೀಪ. ನೀಲಿ ಸಮುದ್ರದ ಮುಂದೆ ಹಾಲಿನಂತೆ ಬಿಳಿಯಾದ ಕಂಬಗಳು, ಅವುಗಳ ಮೇಲೆ ಸಾಲಾಗಿ ಜೋಡಿಸಿದ ಬಿಳಿಯ ಪಟ್ಟಿಗಳು. “ಅಪ್ಪ, ಇದಕ್ಕೆ ಪರ್ಗೋಲ ಅಂತಾರೆ. ನಮ್ಮ ಹಿತ್ತಿಲಿಗೂ ಒಂದು ಮಾಡಿಸಿ” ಎಂದು ಬರೆದಿದ್ದ. ಅದು ಇಟಲಿಯ ಮಾತು. ಲ್ಯಾಟಿನ್ನಿನಲ್ಲಿ ಮುಂದಕ್ಕೆ ಚಾಚಿದ ಸೂರಿಗೆ ಹೇಳುತ್ತಿದ್ದ ಹೆಸರಿನಿಂದ ಬಂದದ್ದು. ನಾವು ಚಪ್ಪರ ಎನ್ನುತ್ತೇವೆ, ತುಳುವಿನವರು ದೊಂಪ ಎನ್ನುತ್ತಾರೆ. ಆದರೆ ಚಪ್ಪರಕ್ಕೆ ಐನೂರು ರೂಪಾಯಿ ಖರ್ಚು ಮಾಡಲು ಹಿಂದೆಮುಂದೆ ನೋಡುವವನು ಪರ್ಗೋಲಕ್ಕೆ ಐವತ್ತು ಸಾವಿರ ಖರ್ಚು ಮಾಡಬಲ್ಲ. ಹೆಸರಿನ ಮಹಿಮೆ!

ಆಗ ಅಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಂಗಳೂರಿಗೆ ಹೋಗಿ ತಂಗಿಯ ಮನೆಯಲ್ಲಿದ್ದಳು. ಅವಳು ಬರುವುದರೊಳಗೆ ಕೆಲಸ ಮುಗಿಸಿ ಅಚ್ಚರಿಗೊಳಿಸಬೇಕೆಂದು ನನ್ನ ಉಪಾಯ. “ಅತ್ತೆ ಬರಲಿ, ಒಂದು ಮಾತು ಕೇಳಿಯೇ ಮಾಡುವ” ಎಂದಳು ನನ್ನ ಹೆಂಡತಿ. ಕೇಳಿ ಮಾಡಿದರೆ ಅದು ಅಚ್ಚರಿ ಹೇಗಾದೀತು?

ಹಳೆಯ ಹಟ್ಟಿ ಕಳಚಿದಾಗ ಉಳಿದ ಪಕ್ಕಾಸುಗಳು ಅಟ್ಟದ ಮೇಲಿದ್ದವು. ಒಳ್ಳೆಯ ಬೋಗಿ ಮರ. ಆಚಾರ್ರು ಅವುಗಳನ್ನು ಬಡಿದು ನೋಡಿ, “ಮರ ಚಿನ್ನದ ಹಾಗುಂಟು ಮಾರಾಯ್ರೆ. ಇದಕ್ಕೆ ಬಿಳಿ ಬಣ್ಣ ಎಂತಕ್ಕೆ? ನಮ್ಮ ಬಿಸಿಲಿಗೆ, ಮಳೆಗೆ ನಿಲ್ಲಲಿಕ್ಕಿಲ್ಲ” ಎಂದರು. ನಾನು ಮೊಬೈಲಿನಲ್ಲಿ ಗ್ರೀಸನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಅಲ್ಲಿ ಜೂನ್ ತಿಂಗಳಲ್ಲಿ ಮಳೆ ಉಂಟಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡೆ: ಆ ದ್ವೀಪಗಳಲ್ಲಿ ಬೇಸಿಗೆಯಿಡೀ ಮಳೆಯೇ ಇಲ್ಲವೆನ್ನಬಹುದು, ಅಲ್ಲಿ ವರ್ಷಕ್ಕೆ ಬೀಳುವಷ್ಟು ಮಳೆ ಬೀಳಲು ನಮ್ಮಲ್ಲಿ ಜುಲೈ ತಿಂಗಳ ಎರಡು ವಾರ ಸಾಕು. ನಮ್ಮದು ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಸೀಮೆ. ಆದರೆ ಆಗ ತಿಳಿಯಬೇಕಾದವನು ನಾನಲ್ಲವೇ? ಎನಾಮಲ್ ಬಣ್ಣ, ಅದರಲ್ಲೂ ಕನ್ನಡಿಯಂತೆ ಮಿರುಗುವಂಥದು, ಎರಡು ಕೋಟು ಹೊಡೆಸಿದೆ. ಬಸಳೆಯ ಬುಡ ಕೆಲಸಕ್ಕೆ ಅಡ್ಡವಾಗಿತ್ತು, ಕೀಳಿಸಿದೆ.

ಬಿಸುವಿನ ಮಾರನೆಯ ದಿನ ಅಮ್ಮ ಬಂದಳು. ಹಿಂಬಾಗಿಲು ತೆರೆದು ಅವಳನ್ನು ನಿಲ್ಲಿಸಿದೆ. ಅವಳು ಹಣೆಗೆ ಕೈ ಅಡ್ಡ ಹಿಡಿದು, “ಎಷ್ಟು ಬೆಳ್ಳಗುಂಟು!” ಎಂದಳು. ನಾನು ಅದನ್ನು ಮೆಚ್ಚುಗೆಯೆಂದು ತಿಳಿದು, ಖರ್ಚಿನ ವಿವರವನ್ನೂ ಹೇಳಿದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ರಾತ್ರಿ ಹೆಂಡತಿ ಕೇಳಿದಳು: “ಅತ್ತೆ ಹಿತ್ತಿಲಿಗೆ ಇಳಿಯಲೇ ಇಲ್ಲ, ನಿಮಗೆ ಗೊತ್ತುಂಟಾ?” ನನಗೆ ಗೊತ್ತಿರಲಿಲ್ಲ. ಅಮ್ಮ ಅಡುಗೆಮನೆಯ ಮೂಲೆಯಲ್ಲಿ, ದೀಪ ಹಾಕಿಕೊಂಡು ಹೆಚ್ಚುತ್ತಿದ್ದಾಳೆ. ಕೇಳಿದರೆ “ಬಿಸಿಲು ಜೋರು” ಎನ್ನುತ್ತಾಳಂತೆ.

ಮರುದಿನ ಮಧ್ಯಾಹ್ನ ನಾನೇ ಹೋಗಿ ಪರ್ಗೋಲದ ಕೆಳಗೆ ಮಣೆ ಹಾಕಿಕೊಂಡು ಕುಳಿತೆ. ಐದು ನಿಮಿಷದಲ್ಲಿ ಎದ್ದೆ. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಊರಿನ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಗ್ರೀಸಿನಲ್ಲಿ ಅವನು ಎಂದೂ ನೆತ್ತಿಗೆ ಬರುವುದಿಲ್ಲ, ಓರೆಯಾಗಿಯೇ ಇರುತ್ತಾನೆ. ಓರೆ ಬಿಸಿಲನ್ನು ತಡೆಯಲು ನಿಲ್ಲಿಸಿ ಜೋಡಿಸಿದ ಪಟ್ಟಿಗಳು ನೆತ್ತಿಯ ಬಿಸಿಲಿಗೆ ದಾರಿ ಬಿಟ್ಟುಕೊಡುತ್ತವೆ. ನೆರಳು ಎಂದರೆ ನೆಲದ ಮೇಲೆ ಬಿದ್ದ ಬಾಚಣಿಗೆಯ ಹಲ್ಲುಗಳಷ್ಟೇ. ಅದಕ್ಕಿಂತ ಕೆಟ್ಟದ್ದು ಬಿಳಿಯ ಹೊಳಪು. ಬಿಳಿ ಬಣ್ಣ ತಾನು ಕಾಯುವುದಿಲ್ಲ, ನಿಜ. ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಎಸೆಯುವುದು ಎಲ್ಲಿಗೆ? ಕೆಳಗೆ ಕುಳಿತವರ ಕಣ್ಣಿಗೆ. ಅದರಲ್ಲೂ ಆಗತಾನೇ ಪೊರೆ ತೆಗೆಸಿಕೊಂಡ ಕಣ್ಣಿಗೆ. ವಯಸ್ಸಾದಂತೆ ಹಳದಿಗಟ್ಟಿ ಬೆಳಕನ್ನು ಸೋಸುತ್ತಿದ್ದ ಮಸೂರವನ್ನು ತೆಗೆದೊಡನೆ ಬಿಳಿ ಮತ್ತು ನೀಲಿ ಒಮ್ಮೆಗೇ ಹರಿತವಾಗುತ್ತವೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಲೋಕವೆಲ್ಲ ನೀಲಿಯಾಗಿ ಕಾಣುತ್ತದೆಂದು ಪೇಚಾಡಿದನಂತೆ. ಬಣ್ಣವೇ ಕಸುಬಾದವನ ಪಾಡು ಅದು. ನಾನಾದರೋ ಅಮ್ಮನ ಹೊಸ ಕಣ್ಣಿನ ಮುಂದೆ ಮಿರುಗುವ ಬಿಳಿಯನ್ನು ನಿಲ್ಲಿಸಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಆ ಹೊತ್ತು ನೆನಪಾಯಿತು.

ಆ ಸಂಜೆ ಬಣ್ಣದಂಗಡಿಯಿಂದ ಶೇಡ್ ಕಾರ್ಡು ತಂದು ಅಮ್ಮನ ಮುಂದೆ ಬಿಡಿಸಿದೆ. ಸಾವಿರಕ್ಕೂ ಮೇಲ್ಪಟ್ಟ ಬಣ್ಣಗಳು. “ಅಮ್ಮ, ನಿನಗೆ ಯಾವ ಬಣ್ಣ ಬೇಕು ಹೇಳು, ಅದನ್ನೇ ಹೊಡೆಸುವ” ಎಂದೆ. ಅವಳು ಕಾರ್ಡನ್ನು ನೋಡಲಿಲ್ಲ.

“ಬಣ್ಣ ಎಂತಕ್ಕೆ ಮಗ? ನನ್ನ ಬಸಳೆ ಎಲ್ಲಿ?”

ಈ ಪ್ರಶ್ನೆಗೆ ಆ ಸಾವಿರ ಬಣ್ಣಗಳಲ್ಲಿ ಉತ್ತರವಿರಲಿಲ್ಲ. ನಾನು ಕಾರ್ಡನ್ನು ಮಡಿಸಿದೆ. ಕೀಳಿಸಿದೆನೆಂದು ಹೇಳಬೇಕಾಯಿತು. “ಕಂಡಿದ್ದೇನೆ” ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಚಾರ್ರನ್ನು ಮತ್ತೆ ಕರೆಸಿದೆ. ಈ ಬಾರಿ ಮೊಬೈಲು ತೋರಿಸದೆ ಕೇಳಿದೆ. ಅವರು ಹೇಳಿದ ಪ್ರಕಾರ ಐದು ತುಂಡು ಹಲಗೆ ತೆಗೆದುಕೊಂಡು ನಾಲ್ಕಕ್ಕೆ ನಾಲ್ಕು ಬಗೆ ಬಳಿದು, ಐದನೆಯದನ್ನು ಬರಿದೆ ಬಿಟ್ಟು, ಬಾವಿಕಟ್ಟೆಯ ಬಳಿ ಬಿಸಿಲು ಮಳೆ ಎರಡೂ ಬೀಳುವಲ್ಲಿ ಕಟ್ಟಿದೆ. ಅಂಗಡಿಯ ಟ್ಯೂಬುದೀಪದ ಕೆಳಗೆ ಬೆರಳಗಲದ ಕಾಗದದಲ್ಲಿ ಕಾಣುವ ಬಣ್ಣ ಬೇರೆ, ಕರಾವಳಿಯ ಬಿಸಿಲಿನಲ್ಲಿ ಕಾಣುವುದೇ ಬೇರೆ. ಹೊರಗೆ ಎಲ್ಲ ಬಣ್ಣವೂ ಎರಡು ಪಟ್ಟು ತೆಳುವಾಗಿ ಕಾಣುತ್ತದೆ. ಇದು ನನಗೆ ಮೊದಲ ದಿನವೇ ತಿಳಿಯಿತು. ಉಳಿದುದನ್ನು ತಿಳಿಯಲು ನವರಾತ್ರಿಯವರೆಗೆ ಕಾಯಬೇಕಾಯಿತು.

ಮಳೆಗಾಲ ಮುಗಿದಾಗ ಬಿಳಿ ಹಲಗೆ ಕಪ್ಪು ಬೂಷ್ಟಿನಿಂದ ಚಿರತೆಯಂತಾಗಿತ್ತು. ಪರ್ಗೋಲದ್ದೂ ಅದೇ ಕಥೆ. ಜೊತೆಗೆ ಕಬ್ಬಿಣದ ಮೊಳೆ ಹೊಡೆದಲ್ಲೆಲ್ಲ ತುಕ್ಕಿನ ಕಣ್ಣೀರು ಇಳಿದಿತ್ತು. ಹೊಳೆಯುವ ವಾರ್ನಿಷು ಬಿಸಿಲಿಗೆ ಸಿಡಿದು, ಸೀಳಿನೊಳಗೆ ನೀರು ನುಗ್ಗಿ, ಹಾವಿನ ಪೊರೆಯಂತೆ ಏಳುತ್ತಿತ್ತು. ಮರದ ಮೇಲೆ ಪದರವಾಗಿ ನಿಲ್ಲುವ ಯಾವ ಲೇಪದ ಹಣೆಬರಹವೂ ಇಷ್ಟೇ: ಒಂದು ಕಡೆ ಒಡೆದರೆ ಒಳಗಿನ ನೀರು ಹೊರಗೆ ಬರಲಾರದು. ಅಂಗಡಿಯ ಪಚ್ಚೆ ಹಸಿರು ಪೇಲವವಾಗಿ ಹೋಗಿತ್ತು. ಬರಿದೆ ಬಿಟ್ಟದ್ದು ಬೂದಿಬಣ್ಣಕ್ಕೆ ತಿರುಗಿತ್ತು. ಮರದ ನಾರುಗಳನ್ನು ಹಿಡಿದಿಡುವ ಅಂಟನ್ನು ಬಿಸಿಲು ಒಡೆಯುವುದು, ಮಳೆ ತೊಳೆಯುವುದು. ನೋಡಲು ಕೆಟ್ಟದಾಗಿರಲಿಲ್ಲ, ಅಮ್ಮನ ಕೂದಲಿನ ಬಣ್ಣವೇ.

ನಾಲ್ಕನೆಯ ಹಲಗೆಗೆ ಆಚಾರ್ರು ಬಳಿದದ್ದು ಮರದೊಳಕ್ಕೆ ಇಂಗುವ ಎಣ್ಣೆ. ಅದರಲ್ಲಿ ಬೂಷ್ಟು ಹಿಡಿಯದಂತೆ ಮದ್ದು ಸೇರಿತ್ತು, ಕಾವಿ ಬಣ್ಣ ಬೆರೆತಿತ್ತು. ಅದು ಸ್ವಲ್ಪ ಮಂಕಾಗಿತ್ತು, ಅಷ್ಟೇ. “ಕಾವಿ ಹೇಗೆ ತಡೆಯಿತು?” ಎಂದೆ. “ಅದು ತುಕ್ಕೇ ಅಲ್ವಾ ಸ್ವಾಮಿ. ತುಕ್ಕಿಗೆ ಇನ್ನೆಂತ ತುಕ್ಕು ಹಿಡಿಯುವುದು?” ಎಂದರು. ರಸಾಯನಶಾಸ್ತ್ರದ ಪುಸ್ತಕವೂ ಇದನ್ನೇ ಹೇಳುತ್ತದೆ, ಇಷ್ಟು ಚೆನ್ನಾಗಿ ಅಲ್ಲ. ಕಾವಿಯೆಂದರೆ ಕಬ್ಬಿಣ ಗಾಳಿಯೊಡನೆ ಬೆರೆತು ಆಗಲೇ ಆಗಬೇಕಾದುದೆಲ್ಲ ಆಗಿಹೋದ ಮಣ್ಣು. ಬಿಸಿಲು ಅದಕ್ಕೆ ಹೊಸದಾಗಿ ಮಾಡುವಂಥದೇನೂ ಇಲ್ಲ. ನಮ್ಮ ಹಳೆಯ ದೇವಸ್ಥಾನಗಳ ಗೋಡೆಯ ಕಾವಿಚಿತ್ರ, ನಮ್ಮ ಜಗಲಿಯ ಕೆಂಪು ನೆಲ, 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಸುಡಲು ತೊಡಗಿದ ಹಂಚು, ಎಲ್ಲವೂ ಅದೇ ಕುಲ. ಕಣ್ಣ ಮುಂದೆ ಇಷ್ಟು ಕೆಂಪಿರಲು ನಾನು ಗ್ರೀಸಿನವರೆಗೆ ಹೋಗಿದ್ದೆ.

ಬಿಳಿಯನ್ನು ಕೆರೆಸಿದೆ. ಮರ ಚೆನ್ನಾಗಿ ಒಣಗುವ ತನಕ ಕಾದು ಕಾವಿಯ ಎಣ್ಣೆ ಬಳಿಸಿದೆ, ಮಿರುಗು ಇಲ್ಲದ್ದು. ಕಡಲಗಾಳಿಗೆ ಹೇಳಿಸಿದ 316 ಎಂಬ ದರ್ಜೆಯ ಸ್ಟೀಲಿನ ಸ್ಕ್ರೂ ಹಾಕಿಸಿದೆ. ಕಂಬದ ಬುಡ ಮಣ್ಣಿಗೆ ತಾಗದಂತೆ ಕಲ್ಲು ಕೊಡಿಸಿದೆ. ಎಣ್ಣೆಯನ್ನು ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಆದರೆ ಕೆರೆಯಬೇಕಾಗಿಲ್ಲ, ಇದ್ದುದರ ಮೇಲೆಯೇ ಆಗುತ್ತದೆ. ಪಟ್ಟಿಗಳ ನಡುವೆ ತೆಂಗಿನ ಹುರಿ ಹೆಣೆಸಿದೆ. ಹುರಿ ಏಕೆಂದು ಯಾರೂ ಕೇಳಲಿಲ್ಲ.

ಬಳ್ಳಿ ಬಂದದ್ದು ಆಚೆಮನೆಯಿಂದ. ಹಲವು ವರ್ಷಗಳ ಹಿಂದೆ ಅವರು ಹೊಸದಾಗಿ ಮನೆ ಮಾಡಿದಾಗ ಅಮ್ಮನೇ ನಾಲ್ಕು ದಂಟು ಕೊಟ್ಟಿದ್ದಳಂತೆ. ಈಗ ಅವರ ಸೊಸೆ ಅದೇ ಬಳ್ಳಿಯ ನಾಲ್ಕು ದಂಟನ್ನು ಬಾಳೆಯೆಲೆಯಲ್ಲಿ ಸುತ್ತಿ ತಂದುಕೊಟ್ಟಳು. ಅಮ್ಮ ಆರು ತಿಂಗಳಲ್ಲಿ ಮೊದಲ ಸಲ ಹಿತ್ತಿಲಿಗೆ ಇಳಿದಳು. ನಾನು ಗುಂಡಿ ತೋಡಲು ಹೋದರೆ, “ನೀನು ಬಿಡು, ನಿನಗೆ ಗೊತ್ತಾಗುವುದಿಲ್ಲ” ಎಂದಳು. ಬಿಟ್ಟೆ.

ಮಕರಸಂಕ್ರಾಂತಿಯ ಹೊತ್ತಿಗೆ ಬಸಳೆ ಚಪ್ಪರವನ್ನು ಮುಚ್ಚಿತು. ಐವತ್ತು ಸಾವಿರದ ಮೇಲೆ ಇನ್ನೊಂದಿಷ್ಟು ಸುರಿದು ನಾನು ಆರಿಸಿದ ಬಣ್ಣ ಈಗ ಕಂಬಗಳಲ್ಲಿ ಮಾತ್ರ ಕಾಣುತ್ತದೆ. ಮಗ ವೀಡಿಯೊ ಕರೆಯಲ್ಲಿ, “ಪರ್ಗೋಲ ಎಲ್ಲಿ ಅಪ್ಪ? ಬರೀ ಸೊಪ್ಪು ಕಾಣ್ತಿದೆ” ಎಂದ. “ಅದರ ಕೆಳಗುಂಟು, ನೀನು ಬಂದಾಗ ತೋರಿಸುವ” ಎಂದಳು ಅವನ ಅಜ್ಜಿ.

ಮೊನ್ನೆ ಕಾರವಾರದಲ್ಲಿ ಮನೆ ಕಟ್ಟಿಸುತ್ತಿರುವ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, ಹಿತ್ತಿಲ ಚಪ್ಪರಕ್ಕೆ ಯಾವ ಬಣ್ಣ ಒಳ್ಳೆಯದೆಂದು ಕೇಳಿದರು. “ಅದರ ಕೆಳಗೆ ಕೂರುವವರು ಯಾರು?” ಎಂದು ನಾನು ಕೇಳಿದೆ. ನಾನು ಮಾತು ಮರೆಸುತ್ತಿದ್ದೇನೆಂದು ತಿಳಿದು ಅವರಿಗೆ ಸ್ವಲ್ಪ ಕೋಪ ಬಂದಂತಿತ್ತು. ಇನ್ನಷ್ಟು ವಿವರಿಸುವುದರೊಳಗೆ ಹಿತ್ತಿಲಿನಿಂದ ಅಮ್ಮ ಕೂಗಿದಳು. ಬಸಳೆ ಕೊಯ್ಯುವುದಕ್ಕೆ ಅವಳ ಕೈ ಎಟುಕುವುದಿಲ್ಲ. ಹಲಸಿನ ಬೀಜ ಆಗಲೇ ಬೇಯುತ್ತಿತ್ತು.