ಮಹಾರಾಜರ ಪಿಯಾನೊ

ನಮ್ಮ ತಲಕಾಡಿನಲ್ಲಿ ಮೈಸೂರು ಅರಸರ ಮಾತೆತ್ತಿದರೆ ಸಾಕು, ಅಲಮೇಲಮ್ಮನ ಶಾಪದ ಕಥೆ ಹೇಳದೆ ಯಾರೂ ಬಿಡುವುದಿಲ್ಲ. ಮರಳಿಗೆ ಹೊಳೆಯೂ ಗಾಳಿಯೂ ಕಾರಣವೆಂದು ವಿಜ್ಞಾನದ ಮೇಷ್ಟ್ರಾದ ನಾನು ಹೇಳಿದರೆ ಮಕ್ಕಳು ಮುಸಿಮುಸಿ ನಗುತ್ತಾರೆ. ಇರಲಿ. ಅದೇ ಮನೆತನದ ಇನ್ನೊಂದು ಸಂಗತಿ ಐವತ್ತು ದಾಟಿದ ಮೇಲೆ ನನ್ನನ್ನು ಹಿಡಿದುಕೊಂಡಿದೆ. ಅದು ಜಯಚಾಮರಾಜ ಒಡೆಯರ ಪಿಯಾನೊ.

ನಾನು ಕೇಳಿ ಬೆಳೆದದ್ದು ರೇಡಿಯೋದ ಕಛೇರಿ, ದೇವಸ್ಥಾನದ ನಾಗಸ್ವರ. ಪಾಶ್ಚಾತ್ಯ ಸಂಗೀತವೆಂದರೆ ದಸರೆಯ ಪೊಲೀಸ್ ಬ್ಯಾಂಡು, ಅಷ್ಟೇ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಒಡೆಯರು ಮೊದಲು ಮನಸೋತದ್ದು ಪಿಯಾನೊಗೆ ಎಂದು ಓದಿದಾಗ ಕುತೂಹಲವಾಯಿತು. ಮಗಳು ಮೊಬೈಲಿನಲ್ಲಿ ಒಂದು ಪಿಯಾನೊ ಕನ್ಸರ್ಟೊ ಹಾಕಿಕೊಟ್ಟಳು.

ಕನ್ಸರ್ಟೊ ಎಂದರೆ ಒಂದು ಕಡೆ ಒಬ್ಬನೇ ವಾದಕ, ಇನ್ನೊಂದು ಕಡೆ ದೊಡ್ಡ ವಾದ್ಯವೃಂದ. ನಮ್ಮ ತನಿ ಆವರ್ತನದಲ್ಲಿ ಮೃದಂಗದ ಮಾತನ್ನು ಘಟ ಕಸಿದುಕೊಳ್ಳುತ್ತದಲ್ಲ, ಹಾಗೆ ಇಬ್ಬರ ನಡುವೆ ಕೊಡುಕೊಳ್ಳುವಿಕೆ. ಮೊದಲ ಸಲ ನನಗೆ ಕೇಳಿಸಿದ್ದು ಗದ್ದಲ ಮಾತ್ರ. ಕಿವಿ ತಂಬೂರಿಯನ್ನು ಹುಡುಕುತ್ತಿತ್ತು, ಗಮಕವನ್ನು ಹುಡುಕುತ್ತಿತ್ತು. ವೀಣೆಯ ತಂತಿಯನ್ನು ಎಳೆದು ಸ್ವರವನ್ನು ಬಾಗಿಸಬಹುದು. ಪಿಯಾನೊದಲ್ಲಿ ಮನೆಯನ್ನು ಒತ್ತಿದರೆ ಒಳಗೆ ಉಣ್ಣೆ ಹೊದಿಸಿದ ಸುತ್ತಿಗೆ ತಂತಿಗೆ ಬಡಿಯುತ್ತದೆ. ಸ್ವರ ಅಲ್ಲಿಗೆ ನಿಗದಿಯಾಯಿತು. ಆದರೆ ಬಡಿತದ ವೇಗ ಬೆರಳಿನ ಕೈಯಲ್ಲಿದೆ. ವೇಗ ಹೆಚ್ಚಿದರೆ ಕಂಪನದ ವಿಸ್ತಾರ ಹೆಚ್ಚುತ್ತದೆ, ನಾದ ಜೋರಾಗುತ್ತದೆ. ಹತ್ತನೇ ತರಗತಿಯ ಹುಡುಗರಿಗೂ ಗೊತ್ತಿರುವ ಪಾಠ!

ಹೊಸಬರು ರಾಖ್ಮನಿನೋವ್‌ನ ಎರಡನೆಯ ಕನ್ಸರ್ಟೊದಿಂದ ತೊಡಗುವುದು ಒಳ್ಳೆಯದೆಂದು ನನ್ನ ಅನಿಸಿಕೆ. ಪಿಯಾನೊ ಒಂದೇ, ದೂರದ ಗಂಟೆಯಂತೆ ಮೆಲ್ಲಗೆ ಶುರುವಾಗಿ, ಬಡಿತ ಬಡಿತಕ್ಕೂ ಜೋರಾಗುತ್ತಾ ಬರುತ್ತದೆ. ಆಮೇಲೆ ಪಿಟೀಲುಗಳು ರಾಗವನ್ನು ಎತ್ತಿಕೊಳ್ಳುತ್ತವೆ. 1897ರಲ್ಲಿ ಅವನ ಮೊದಲ ಸಿಂಫನಿ ನೆಲಕಚ್ಚಿ, ವರ್ಷಗಟ್ಟಲೆ ಅವನಿಗೆ ಬರೆಯಲಾಗಲಿಲ್ಲ. ಡಾಲ್ ಎಂಬ ವೈದ್ಯನ ಆರೈಕೆಯಿಂದ ಚೇತರಿಸಿಕೊಂಡು 1901ರಲ್ಲಿ ಮುಗಿಸಿದ ಈ ಕೃತಿಯನ್ನು ಆ ವೈದ್ಯನಿಗೇ ಅರ್ಪಿಸಿದ. ಏಳೆಂಟು ಸಲ ಕೇಳಿದ ಮೇಲೆ ಅದರ ರಾಗ ನನ್ನ ಬಾಯಲ್ಲೂ ಗುನುಗತೊಡಗಿತು.

ಈ ರಾಖ್ಮನಿನೋವ್‌ನ ಗೆಳೆಯ ನಿಕೊಲಾಯ್ ಮೆಟ್ನರ್. ರಷ್ಯ ಬಿಟ್ಟು ಲಂಡನ್ ಸೇರಿದವನು, ಹೆಸರು ಹಿಂದೆ ಬಿದ್ದವನು, ಹೃದಯದ ಕಾಯಿಲೆಯವನು. ಅವನ ಸಂಗೀತವನ್ನು ಮೆಚ್ಚಿದ್ದ ಒಡೆಯರು ಹಣ ಒದಗಿಸಿ, ಅವನ ಮೂರು ಕನ್ಸರ್ಟೊಗಳನ್ನೂ ಅವನ ಕೈಯಲ್ಲೇ ನುಡಿಸಿ ಎಚ್.ಎಂ.ವಿ. ತಟ್ಟೆಗಳಲ್ಲಿ ಉಳಿಯುವಂತೆ ಮಾಡಿದರು. 1951ರಲ್ಲಿ ಅವನು ತೀರಿಕೊಂಡ. ಮೂರನೆಯ ಕನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತ. ನಮ್ಮ ಜಿಲ್ಲೆಯ ಹೆಸರು ಅಲ್ಲಿ ಅಚ್ಚಾಗಿರುವುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಒಡೆಯರಿಗೆ ಸ್ವತಃ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರಲ್ಲಿ ತಂದೆಯೂ, ಮಕ್ಕಳಿಲ್ಲದ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡು ಇಪ್ಪತ್ತೊಂದರ ಹುಡುಗನ ತಲೆಗೆ ಕಿರೀಟ ಬಂತು. (ನಮ್ಮೂರ ಹಿರಿಯರು ಇಲ್ಲಿಯೂ ಶಾಪವನ್ನೇ ಕಾಣುತ್ತಾರೆನ್ನಿ.) ಆದರೂ ಕಲಿಕೆ ಬಿಡಲಿಲ್ಲ. 1945ರಲ್ಲಿ, ರಾಜ್ಯಭಾರದ ನಡುವೆಯೇ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಆ ಕಾಲದಲ್ಲೇ ಕರ್ನಾಟಕ ಸಂಗೀತದತ್ತ ಹೊರಳಿ ಕೃತಿರಚನೆಗೂ ಕೈಹಾಕಿದರು.

ಈ ಕಥೆಯನ್ನು ಕಳೆದ ತಿಂಗಳು ಒಬ್ಬ ತಂದೆಗೆ ಹೇಳಿದೆ. “ಮಗ ಎಸ್ಸೆಸ್ಸೆಲ್ಸಿ, ಪಿಟೀಲು ಪಾಠ ಬಿಡಿಸೋಣ ಅಂತಿದ್ದೀನಿ ಸಾರ್” ಎಂದು ಕೇಳಲು ಬಂದಿದ್ದರು. ಎಲ್ಲ ಕೇಳಿಸಿಕೊಂಡು, “ನಮ್ ಹುಡುಗ ಮಹಾರಾಜ ಅಲ್ವಲ್ಲ ಸಾರ್” ಎಂದರು. ಅದೂ ನಿಜವೇ. ಅರಮನೆಯವರಿಗೆ ಟ್ಯೂಷನ್ ಫೀಜಿನ ಚಿಂತೆಯಿರಲಿಲ್ಲ. “ಪಾಠ ಬೇಕಾದರೆ ನಿಲ್ಲಿಸಿ, ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ನುಡಿಸಲು ಬಿಡಿ, ವಿಜ್ಞಾನದ ಅಂಕ ನನಗೆ ಬಿಡಿ” ಎಂದೆ. ನೋಡೋಣ ಸಾರ್ ಎಂದು ಹೋದರು. ಮೊನ್ನೆ ಸಂಜೆ ಅವರ ಬೀದಿಯಲ್ಲಿ ಬರುವಾಗ ಒಳಗಿನಿಂದ ಸರಳೆ ವರಸೆ ಕೇಳುತ್ತಿತ್ತು, ಶ್ರುತಿ ಸ್ವಲ್ಪ ತಪ್ಪಿತ್ತು.